ಹೇಳಿ ಹೋಗುವ ಪಾಠ

ಬಸವ ಜಯಂತಿಯು ಬೇಸಿಗೆಯ ರಜೆಯಲ್ಲಿ ಬರುವುದರಿಂದ ಅನೇಕ ಶರಣ ಕುಟುಂಬಗಳು ಮಕ್ಕಳೊಡನೆ ಕೂಡಲಸಂಗಮಕ್ಕೆ ಹೋಗುತ್ತವೆ. ಕೃಷ್ಣಾ–ಮಲಪ್ರಭಾ ನದಿಗಳು ಕೂಡುವ ಆ ಪುಣ್ಯತಾಣದಲ್ಲಿ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಮಂಟಪದ ದರ್ಶನ ಪಡೆಯಬೇಕು.

ಒಮ್ಮೆ ಅಲ್ಲಿ 3 ವರ್ಷದ ಮಗಳನ್ನು ಅಜ್ಜಿಯ ಬಳಿ ಬಿಟ್ಟ ತಾಯಿಯೊಬ್ಬಳನ್ನು ನಾವು ಕಂಡೆವು. ಅವಳು ಕಣ್ತಪ್ಪಿಸಿ ಹೋಗಲಿಲ್ಲ. “ದರ್ಶನ ಮಾಡಿ ಬರ್ತೀನವ್ವಾ, ಅಜ್ಜಿ ಕಡೆ ಇರು” ಎಂದು ಹೇಳಿ ಇಳಿದಳು, ಹೇಳಿದಂತೆಯೇ ಮರಳಿದಳು. ಅಳುತ್ತಿದ್ದ ಕೂಸು ನಕ್ಕಿತು.

ರಜೆಯ ಬಳಿಕ ಅಂಗನವಾಡಿಯ ಬಾಗಿಲಲ್ಲಿ ಮಗುವಿಗೆ ಬೇಕಾದುದು ಈ ನಂಬುಗೆಯೇ. ಮಿಠಾಯಿಯ ಆಸೆ ತೋರಿಸಿ ಮರೆಯಾಗುವ ಪಾಲಕರು ಶಾಲೆಯ ಮೊದಲ ದಿನವೇ ಹುಸಿಯನ್ನು ಕಲಿಸಿದಂತಾಗುತ್ತದೆ. ನಡೆನುಡಿಗಳು ಒಂದಾಗಿರಬೇಕೆಂಬ ಶರಣರ ಬೋಧೆಯು ಎಳೆಯರ ವಿಷಯದಲ್ಲಿಯೂ ಸಲ್ಲುತ್ತದೆ. ಆದ್ದರಿಂದ ಹೇಳಿ ಹೊರಡಿರಿ. ಹೇಳಿದ ಹೊತ್ತಿಗೆ ಬನ್ನಿರಿ.