ರೋಮಕೂಪದ ಉರಿಯೂತ: ಹೆಸರೂ ಕಾರಣವೂ

ಕೂದಲ ಬುಡವಿರುವ ರೋಮಕೂಪವು ಊದಿ ಕೀವುಗಟ್ಟಿದಾಗ ವಾಡಿಕೆಯ ಕನ್ನಡವು ಅದನ್ನು ಗುಳ್ಳೆಯೆಂದೋ ಕುರುವೆಂದೋ ಕರೆದು ಸುಮ್ಮನಾಗುತ್ತದೆ. ಸುಶ್ರುತಸಂಹಿತೆಯ ದೃಷ್ಟಿ ಇದಕ್ಕಿಂತ ಸೂಕ್ಷ್ಮವಾದುದು. ಕ್ಷುದ್ರರೋಗಗಳನ್ನು ಹೇಳುವೆಡೆ ಅದು ನೆತ್ತಿಯ ಮೇಲೆ ಹಲವು ಬಾಯಿಗಳಿಂದ ಒಸರುವ ಹುಣ್ಣುಗಳನ್ನು ‘ಅರುಂಷಿಕಾ’ ಎಂದೂ, ತರುಣರ ಮುಖದಲ್ಲಿ ಬೂರುಗದ ಮುಳ್ಳಿನಂತೆ ಏಳುವ ಗುಳ್ಳೆಗಳನ್ನು ‘ಮುಖದೂಷಿಕಾ’ ಎಂದೂ ವಿಂಗಡಿಸುತ್ತದೆ. ಮೊದಲನೆಯದಕ್ಕೆ ಕಫರಕ್ತಗಳೊಡನೆ ಕ್ರಿಮಿಯನ್ನೂ ಕಾರಣವೆಂದಿರುವುದು ಗಮನಾರ್ಹವಾದುದು. ಆದರೆ ಆ ಕ್ರಿಮಿಯನ್ನು ಇಂದಿನ ಸೂಕ್ಷ್ಮಜೀವಿಯೆಂದೇ ಸಾಧಿಸಹೊರಡುವುದು ಆತುರವಾದೀತು.

ಸ್ಕಾಟ್ಲೆಂಡಿನ ಶಸ್ತ್ರವೈದ್ಯನಾದ ಅಲೆಕ್ಸಾಂಡರ್ ಆಗ್‌ಸ್ಟನ್ನನು ಕೀವಿನಲ್ಲಿ ಗೊಂಚಲುಗೊಂಚಲಾಗಿ ಕೂಡಿದ ಜೀವಾಣುಗಳನ್ನು 1880ರಲ್ಲಿ ಕಂಡು, ದ್ರಾಕ್ಷಿಗೊಂಚಲೆಂಬರ್ಥದ ಗ್ರೀಕ್ ಮಾತಿನಿಂದ 1882ರಲ್ಲಿ ಅವಕ್ಕೆ ‘ಸ್ಟ್ಯಾಫಿಲೊಕಾಕಸ್’ ಎಂದು ಹೆಸರಿಟ್ಟನು. ರೋಮಕೂಪದ ಉರಿಯೂತಕ್ಕೆ ಬಹುಮಟ್ಟಿಗೆ ಈ ಕುಲದ ಒಂದು ಜಾತಿಯೇ ಕಾರಣ. ಉರಿಯೂತವು ಕೂಪದ ಬಾಯಲ್ಲೇ ನಿಂತರೆ ಅದು ಚಿಕ್ಕ ಕೀವುಗುಳ್ಳೆ. ಆಳಕ್ಕಿಳಿದು ಸುತ್ತಣ ಮಾಂಸವನ್ನೂ ಹಿಡಿದರೆ ಕುರು. ನೆರೆಕೂಪಗಳ ಕುರುಗಳು ಒಳಗೊಳಗೇ ಕೂಡಿಕೊಂಡರೆ ಕಾರ್ಬಂಕಲ್. ಈ ಕಡೆಯದು ಮಧುಮೇಹಿಗಳಲ್ಲಿ ಹೆಚ್ಚು.

ಎಲ್ಲ ಗುಳ್ಳೆಗಳೂ ಈ ವಂಶದವಲ್ಲ. ಶುದ್ಧಿಗೆಟ್ಟ ಬಿಸಿನೀರಿನ ಕೊಳಗಳಲ್ಲಿ ಮಿಂದವರಿಗೆ ಸ್ಯೂಡೊಮೋನಾಸ್ ಎಂಬ ಬೇರೊಂದು ಜೀವಾಣುವಿನಿಂದ ಗುಳ್ಳೆಗಳೇಳುವುದುಂಟು. ಎದೆಬೆನ್ನುಗಳ ಮೇಲೆ ಒಂದೇ ಗಾತ್ರದಲ್ಲಿ ಎದ್ದು ಬಹಳ ತುರಿಸುವಂಥವು ಮಲಸೇಜಿಯ ಎಂಬ ಶಿಲೀಂಧ್ರದವಾಗಿರಬಹುದು. ಹೆಸರಿನ ವಿವೇಚನೆ ಇಲ್ಲಿ ಬರಿಯ ಪಾಂಡಿತ್ಯವಲ್ಲ: ಇವನ್ನು ಸಾಮಾನ್ಯ ಕೀವುಗುಳ್ಳೆಯೆಂದು ಬಗೆದು ಜೀವಾಣುನಾಶಕ ಔಷಧವನ್ನು ಕೊಟ್ಟರೆ ರೋಗವು ಉಲ್ಬಣಿಸುವ ಸಂಭವವಿದೆ. ಕ್ಷೌರದ ಬಳಿಕ ಗುಂಗುರುಗೂದಲಿನ ತುದಿಯು ಬಾಗಿ ಚರ್ಮವನ್ನೇ ಹೊಕ್ಕು ಗದ್ದದಲ್ಲಿ ಎಬ್ಬಿಸುವ ಗಂಟುಗಳಿಗಂತೂ ಮೂಲದಲ್ಲಿ ಯಾವ ಜೀವಾಣುವೂ ಬೇಡ. ಕೆಲಕಾಲ ಕತ್ತಿಯನ್ನು ಕೆಳಗಿಟ್ಟರೆ ಅವು ಸಾಮಾನ್ಯವಾಗಿ ತಾವಾಗಿಯೇ ಇಳಿಯುತ್ತವೆ.