ಮೊದಲು ಕೋಡಿ ನೋಡಿ

ಹಲಸಿ ಅಂದ್ರೆ ಕದಂಬರ ಕಾಲದ ದೇವಸ್ಥಾನ ನೆನಪಾಗುತ್ತೆ. ಆದರೆ ಖಾನಾಪುರ ತಾಲ್ಲೂಕಿನ ಮಳೆಯೂ ಕಮ್ಮಿ ಅಲ್ಲ. ಅಲ್ಲಿ ಯಾರೋ ತಮ್ಮ ತೋಟದ ಹಳ್ಳಕ್ಕೆ ಮಣ್ಣಿನ ಏರಿ ಹಾಕಿ, ಬೋಟಿಂಗ್‌ಗೆ ಕೆರೆ ಮಾಡಿದ್ರು ಅಂದ್ಕೊಳ್ಳಿ. ಚಿಕ್ಕದು ತಾನೆ, ಏನಾಗುತ್ತೆ?

ಮಣ್ಣಿನ ಏರಿ ಮೇಲೆ ನೀರು ಹರಿದ್ರೆ ಹೊರಗಿನ ಇಳಿಜಾರು ಕೊರೆಯುತ್ತೆ. ಕೊರೆದಷ್ಟೂ ಹರಿವು ಹೆಚ್ಚುತ್ತೆ, ಕೊನೆಗೆ ಏರಿ ಒಡೆಯುತ್ತೆ. ಅದಕ್ಕೇ ನಮ್ಮ ಹಳೇ ಕೆರೆಗಳಿಗೆ ಕೋಡಿ ಇರೋದು. ಹೆಚ್ಚಾದ ನೀರು ಏರಿ ಹತ್ತೋ ಮೊದಲೇ ಪಕ್ಕದಿಂದ ಹೊರಗೆ ಹೋಗುತ್ತೆ. ನಾವು ಓದೋ ಸ್ಪಿಲ್‌ವೇ ಇದೇ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶ್ರೀಮಂತರ ಕ್ಲಬ್ ಒಂದು ಸೌತ್ ಫೋರ್ಕ್ ಡ್ಯಾಮ್ ಕೊಂಡು ವಿಹಾರದ ಕೆರೆ ಮಾಡಿಕೊಂಡಿತ್ತು. ಗಾಡಿ ಓಡಾಡಲಿ ಅಂತ ಏರಿಯ ತಲೆ ತಗ್ಗಿಸಿದ್ರು. ಮೀನು ತಪ್ಪಿಸಿಕೊಳ್ಳಬಾರದು ಅಂತ ಕೋಡಿಗೆ ಜಾಲರಿ ಹಾಕಿದ್ರು. ನೀರು ಖಾಲಿ ಮಾಡೋ ಪೈಪ್‌ಗಳನ್ನು ಮೊದಲೇ ಯಾರೋ ಕಿತ್ತಿದ್ರು, ಕ್ಲಬ್ ಮತ್ತೆ ಹಾಕಿಸಲಿಲ್ಲ. 1889ರ ಮೇ 31ರಂದು ಭಾರಿ ಮಳೆ ಬಂತು, ಜಾಲರಿಗೆ ಕಸ ಕಟ್ಟಿತು, ಏರಿ ಒಡೆಯಿತು. ಕೆಳಗಿನ ಜಾನ್ಸ್‌ಟೌನ್ ಕಡೆ 2,200ಕ್ಕೂ ಹೆಚ್ಚು ಜನ ಸತ್ತರು.

ಆ ಡ್ಯಾಮ್ ದೊಡ್ಡದು, ನಿಜ. ಆದರೆ ಅದೇ ತಪ್ಪು ಚಿಕ್ಕ ಕೆರೆಯಲ್ಲೂ ಆಗಬಹುದು. ನಮ್ಮ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದವಕ್ಕೆ, ಕೆಲವು ಷರತ್ತಿನ ಮೇಲೆ 10ರಿಂದ 15 ಮೀಟರ್‌ನವಕ್ಕೆ ಅನ್ವಯಿಸುತ್ತೆ. ಅದಕ್ಕಿಂತ ಚಿಕ್ಕದು ಅದರ ಹೊರಗೆ.

ಹಾಗಾಗಿ ನಾವೇ ನೋಡಬೇಕು. ಕೋಡಿ ತೆರೆದಿದೆಯಾ? ಏರಿಯ ಬುಡದಲ್ಲಿ ಕೆಸರು ನೀರು ಜಿನುಗ್ತಿದೆಯಾ? ಕೆಸರು ಅಂದ್ರೆ ಒಳಗಿನ ಮಣ್ಣು ಹೊರಗೆ ಬರ್ತಿದೆ ಅಂತ. ಕೊನೇದಾಗಿ, ಕೆಳಗೆ ಯಾರ ಮನೆ ಇದೆ?