ಅಕ್ಕಿಯೊಳಗಿನ ಬಿಳಿ ಕಲ್ಲನ್ನು ಕಪ್ಪಾಗಿಸುವ ಸದ್ದು!

ಮೊರದ ತುಂಬ ರಾಗಿ. ನಡುವೆ ಒಂದೇ ಒಂದು ಬಿಳಿ ಕಲ್ಲು. ಹೆಕ್ಕಲು ಎಷ್ಟು ಹೊತ್ತು ಬೇಕು? ಚಿಟಿಕೆ ಹೊಡೆಯುವಷ್ಟು!

ಈಗ ರಾಗಿಯ ಬದಲು ಅಕ್ಕಿ. ಕಲ್ಲು ಅದೇ, ಬಿಳಿಯದೇ. ಹುಡುಕಿ ನೋಡೋಣ! ಕನ್ನಡಕ ಏರಿಸಿದರೂ ಕಷ್ಟ. ಅನ್ನ ಬಾಯಿಗಿಟ್ಟು ಕಟಕ್ ಎಂದಮೇಲೇ ಗೊತ್ತಾಗುವುದು.

ಮ್ಯಾಮೊಗ್ರಾಂನಲ್ಲಿ ನಡೆಯುವುದೂ ಇದೇ! ಆ ಎಕ್ಸ್‌-ರೇ ಚಿತ್ರದಲ್ಲಿ ಸ್ತನದ ಕೊಬ್ಬು ಕಪ್ಪಗೆ, ಕ್ಯಾನ್ಸರ್ ಗಂಟು ಬೆಳ್ಳಗೆ. ತಟ್ಟನೆ ಸಿಕ್ಕಿಬೀಳುತ್ತದೆ. ಆದರೆ ಹಾಲಿನ ಗ್ರಂಥಿಯೂ ನಾರೂ ಹೆಚ್ಚಿರುವ ದಟ್ಟ ಸ್ತನವಾದರೆ? ಅದೂ ಬೆಳ್ಳಗೆ!

ಇಂಥ ದಟ್ಟ ಸ್ತನ ಎಷ್ಟು ಜನಕ್ಕಿರಬಹುದು, ಊಹಿಸಿ. ನೂರಕ್ಕೆ ಐದು? ಹತ್ತು? ಇನ್ನೂ ಮೇಲೆ ಹೋಗಿ! ಅಮೆರಿಕದಲ್ಲಿ 40 ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ! ಕಾಯಿಲೆಯಲ್ಲ ಅದು, ಮೈಯ ಸಹಜ ಗುಣ. ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಹೆಚ್ಚು. ಕೈಯಿಂದ ಮುಟ್ಟಿ ನೋಡಿದರೆ ತಿಳಿಯುವುದೇ ಇಲ್ಲ. ಸಾಲದ್ದಕ್ಕೆ, ಕ್ಯಾನ್ಸರ್ ಬರುವ ಸಾಧ್ಯತೆಯನ್ನೂ ಅದು ಒಂದಿಷ್ಟು ಹೆಚ್ಚಿಸುತ್ತದೆ.

ಹಾಗಾದರೆ ಅಕ್ಕಿಯೊಳಗಿನ ಬಿಳಿ ಕಲ್ಲನ್ನು ಹಿಡಿಯುವುದು ಯಾವುದು?

ಸದ್ದು!

ಸದ್ದಿನ ಮಾತು ಬಂದರೆ ನನಗೆ ನೆನಪಾಗುವುದು ಬೂದಿಕೋಟೆ. ಹೈದರಾಲಿ ಹುಟ್ಟಿದ ಊರು ಎಂದಷ್ಟೇ ತಿಳಿದವರು ಇದನ್ನೂ ಕೇಳಿ. ಸಂಘಸಂಸ್ಥೆಗಳು ಸಮುದಾಯ ರೇಡಿಯೊ ನಡೆಸಬಹುದು ಎಂದು ಸರ್ಕಾರ ಒಪ್ಪಿದ್ದು 2006ರಲ್ಲಿ. ಅದಕ್ಕೂ ಮೊದಲೇ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಮಾತಾಡುತ್ತಿತ್ತು! ಗಾಳಿಯಲ್ಲಿ ಕಳಿಸುವ ಹಾಗಿಲ್ಲವೇ? ಕೇಬಲ್ ತಂತಿಯಲ್ಲಿ ಕಳಿಸಿದರು! ಸ್ವಸಹಾಯ ಸಂಘದ ಹೆಂಗಸರ ದನಿ ಮನೆಮನೆಗೆ ಹೋಯಿತು. ಒಂದು ದಾರಿ ಮುಚ್ಚಿದ್ದರೆ ಇನ್ನೊಂದು ದಾರಿ!

ಇಲ್ಲೂ ಹಾಗೇ. ನಮ್ಮ ಕಿವಿ ಸೆಕೆಂಡಿಗೆ 20,000 ಕಂಪನದವರೆಗೆ ಕೇಳೀತು. ಸ್ತನದ ಸ್ಕ್ಯಾನಿಂಗ್‌ನ ಸದ್ದು? ಸುಮಾರು 1 ಕೋಟಿ! ಯಂತ್ರ ಹೊಸದಲ್ಲ, ಬಸುರಿನಲ್ಲಿ ಹೊಟ್ಟೆಗೆ ಜೆಲ್ ಸವರಿ ಮಾಡುತ್ತಾರಲ್ಲ, ಅದೇ ವಿದ್ಯೆ. ಎಕ್ಸ್‌-ರೇ ಇಲ್ಲ. ಮತ್ತೆ ಬೆರಗು ನೋಡಿ: ಈ ಚಿತ್ರದಲ್ಲಿ ದಟ್ಟ ಭಾಗ ಬೆಳ್ಳಗೇ ಇರುತ್ತದೆ, ಆದರೆ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಕಪ್ಪಗೆ! ಅಕ್ಕಿ ಅದೇ, ಕಲ್ಲು ಕಪ್ಪಾಗಿಬಿಟ್ಟಿದೆ!

ಪುರಾವೆ ಬೇಕೇ? ಜಪಾನಿಗೆ ಬನ್ನಿ. 40ರಿಂದ 49 ವಯಸ್ಸಿನ 72,998 ಹೆಂಗಸರು! ಅರ್ಧದಷ್ಟು ಜನಕ್ಕೆ ಮ್ಯಾಮೊಗ್ರಾಂ ಮಾತ್ರ, ಉಳಿದವರಿಗೆ ಜೊತೆಗೆ ಸ್ಕ್ಯಾನಿಂಗ್. ಮೊದಲ ಗುಂಪಿನಲ್ಲಿ ತಪಾಸಣೆ ಹಿಡಿದದ್ದು 117 ಕ್ಯಾನ್ಸರ್. ಎರಡನೆಯದರಲ್ಲಿ? 184! ಎರಡು ತಪಾಸಣೆಗಳ ನಡುವೆ ತಾನಾಗಿ ತಲೆಯೆತ್ತಿದವು 35ರಿಂದ 18ಕ್ಕೆ ಇಳಿದವು! 2016ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಇದನ್ನು ಪ್ರಕಟಿಸಿತು. ನಮ್ಮಲ್ಲೂ ಈ ಕಾಯಿಲೆ ನಲವತ್ತರ ಆಸುಪಾಸಿನಲ್ಲೇ ಎಷ್ಟೋ ಜನರನ್ನು ಹಿಡಿಯುತ್ತದಲ್ಲ, ಅದಕ್ಕೇ ಈ ಅಂಕಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಅತಿ ದಟ್ಟವಾಗಿದ್ದರೆ ಎಂಆರ್‌ಐ ಇನ್ನೂ ಚುರುಕು. ನೆದರ್ಲೆಂಡ್ಸ್‌ನಲ್ಲಿ ಅಂಥ 40,373 ಹೆಂಗಸರ ಮೇಲೆ ಪರೀಕ್ಷಿಸಿದರು. ಮ್ಯಾಮೊಗ್ರಾಂನಲ್ಲಿ ಏನೂ ಕಾಣದ ಇವರಲ್ಲಿ ಒಂದಿಷ್ಟು ಜನರಿಗೆ ಎಂಆರ್‌ಐ ಮಾಡಿದಾಗ, ಸಾವಿರಕ್ಕೆ 16ಕ್ಕೂ ಹೆಚ್ಚು ಮಂದಿಯಲ್ಲಿ ಅಡಗಿದ್ದ ಕ್ಯಾನ್ಸರ್ ಸಿಕ್ಕಿತು! ಖರ್ಚೂ ದೊಡ್ಡದು, ನಿಜ. ಹೆಚ್ಚು ಹುಡುಕಿದರೆ ಕ್ಯಾನ್ಸರ್ ಅಲ್ಲದ ಗಂಟುಗಳೂ ಸಿಗುತ್ತವೆ, ಸುಮ್ಮನೆ ಗಾಬರಿಯೂ ಆಗುತ್ತದೆ. ಯಾರಿಗೆ ಯಾವುದು ಬೇಕು ಎಂದು ಡಾಕ್ಟರೇ ಹೇಳಬೇಕು.

ಮ್ಯಾಮೊಗ್ರಾಂ ಬಿಟ್ಟು ಇದು ಎಂದಲ್ಲ, ಅದರ ಜೊತೆಗೆ ಇದು. ಸ್ಕ್ಯಾನಿಂಗ್‌ಗೆ ಕಾಣದ ಸುಣ್ಣದ ಸಣ್ಣ ಚುಕ್ಕೆಗಳು ಎಕ್ಸ್‌-ರೇಗೆ ಕಾಣುತ್ತವೆ. ಇನ್ನು ಗಂಟು ಕೈಗೇ ಸಿಕ್ಕಿತೋ, ಯಾವ ತಪಾಸಣೆಯ ತಾರೀಕಿಗೂ ಕಾಯಬೇಡಿ. ಬೂದಿಕೋಟೆಯಿಂದ ಬಂಗಾರಪೇಟೆಗೆ, ಅಲ್ಲಿಂದ ರೈಲು ಹತ್ತಿದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಒಂದು ದಿನದ ಓಡಾಟ.

ನಿಮ್ಮಮ್ಮನೋ ಅಕ್ಕನೋ ಮ್ಯಾಮೊಗ್ರಾಂ ಮಾಡಿಸಿದ್ದಾರೆಯೇ? ಆ ರಿಪೋರ್ಟನ್ನು ಬೀರುವಿನಿಂದ ತೆಗೆಯಿರಿ. ಬೈ-ರಾಡ್ಸ್ ಎಂದು ಬರೆದು ಪಕ್ಕದಲ್ಲಿರುವ ಅಂಕಿಯಲ್ಲ, ಅದು ಬೇರೆ ಲೆಕ್ಕ. ದಟ್ಟಣೆಯನ್ನು ಹೇಳುವ ಅಕ್ಷರ ಹುಡುಕಿ. ಎ, ಬಿ, ಸಿ, ಡಿ, ನಾಲ್ಕೇ. ಸಿ ಮತ್ತು ಡಿ ಎಂದರೆ ಮೊರದಲ್ಲಿ ಅಕ್ಕಿ!

ಸಿಕ್ಕಿತೇ? ಯಾವ ಅಕ್ಷರ?